ಮರಳುಗಾಡಿನಲ್ಲಿ ಮುದ್ದೆ

ನಮ್ಮ ಕಡೆಯವರು ಪ್ರವಾಸ ಹೊರಟರೆ ಮೊದಲು ಗೊತ್ತು ಮಾಡುವುದು ಅಡುಗೆಯವನನ್ನು. ಯಾವ ಊರಿಗೆ ಎನ್ನುವುದು ಆಮೇಲಿನ ಮಾತು. ಮೂರು ವರ್ಷದ ಹಿಂದೆ ನಾವು ಹನ್ನೊಂದು ಜನ ನೆಂಟರು ಜೈಸಲ್ಮೇರಿಗೆ ಹೊರಟಾಗಲೂ ಕುಣಿಗಲ್ಲಿನ ಅಡುಗೆಯವನೊಬ್ಬ ಗೊತ್ತಾಗಿದ್ದ. ರಾಗಿಹಿಟ್ಟು, ಹುರುಳಿಕಾಳು, ಗುಬ್ಬಿಯ ನಮ್ಮ ತೋಟದ ತೆಂಗಿನಕಾಯಿ, ಮುದ್ದೆ ತಿರುವುವ ಕೋಲು ಎಲ್ಲ ಪ್ಯಾಕ್ ಆಯಿತು. ಹಿಂದಿನ ದಿನ ಅವನು ಯಾವುದೋ ಮದುವೆ ಆರ್ಡರ್ ಹಿಡಿದು ನಮಗೆ ಕೈಕೊಟ್ಟ. ಸಾಮಾನು ಮಾತ್ರ ಜೊತೆಗೆ ಬಂತು.

ಅಮ್ಮನನ್ನು ಹೊರಡಿಸಿದ್ದು ನಾನು. ಅವಳು ಹುಟ್ಟಿದ್ದು ತೆಂಗಿನ ತೋಟದಲ್ಲಿ, ಮದುವೆಯಾಗಿ ಬಂದದ್ದೂ ತೆಂಗಿನ ತೋಟಕ್ಕೇ. ಎಲ್ಲಿಗೂ ಬರಲೊಲ್ಲದವಳು ಇದಕ್ಕೆ ಮಾತ್ರ ಕೇಳಿದ ಕೂಡಲೇ ಒಪ್ಪಿದ್ದಳು. "ಒಂದು ಮರಾನೂ ಇಲ್ದೆ, ಕಣ್ಣು ಹಾಯೋಗಂಟ ಬರೀ ಮರಳೇ ಇರ್ತದಂತಲ್ಲ. ಅದೊಂದು ನೋಡ್ಬೇಕು ಕಣೋ" ಎಂದಿದ್ದಳು. ಬಟವಾಡಿಯ ನನ್ನ ಮನೆಗೆ ಎರಡು ದಿನ ಮೊದಲೇ ಬಂದು ಕೂತಿದ್ದಳು.

ನಮ್ಮ ಟೆಂಟುಗಳಿದ್ದದ್ದು ಊರಾಚೆ. ಸುತ್ತ ಆಳೆತ್ತರದ ಗೋಡೆ, ಗೋಡೆಯಾಚೆ ಕುರುಚಲು ಮುಳ್ಳುಗಿಡ. ಮರಳ ದಿಬ್ಬಗಳಿಗೆ ಅಲ್ಲಿಂದ ಅರ್ಧ ಗಂಟೆ ದಾರಿ. ಕ್ಯಾಂಪಿನವರು ನಾವು ತಲುಪಿದ ರಾತ್ರಿ ಪ್ರೀತಿಯಿಂದಲೇ ಅವರ ಊಟ ಬಡಿಸಿದರು. ಸುಟ್ಟ ಹಿಟ್ಟಿನ ಉಂಡೆ, ಮೇಲೆ ತುಪ್ಪ, ಪಕ್ಕದಲ್ಲಿ ಬೇಳೆ. ನನ್ನ ಭಾವ, ಅಂದರೆ ಅಕ್ಕನ ಗಂಡ, ಒಂದನ್ನು ಮುರಿದು ಹಾಗೇ ತಟ್ಟೆಗೆ ಹಾಕಿದ. "ಇದೇನ್ಲಾ ಇದು, ಕಲ್ಲುಗುಂಡಾ? ಹಲ್ಲು ಉದುರೋಯ್ತವೆ" ಎಂದು ಜೋರಾಗಿ ನಕ್ಕ. ಬಡಿಸಿದವನಿಗೆ ಕನ್ನಡ ಬರದಿದ್ದರೂ ನಗು ಅರ್ಥವಾಯಿತು. ನನಗೆ ನಾಚಿಕೆಯಾಯಿತು. ಅಮ್ಮ ಎದ್ದಳು. "ಬುಡ್ರಪ್ಪ, ಒಂದು ಎಸರಿಟ್ರೆ ಆಯ್ತು" ಎಂದು ಅಡುಗೆ ಟೆಂಟಿಗೆ ಹೋದಳು.

ಅಲ್ಲಿಗೆ ಮುಗಿಯಿತು. ಮರುದಿನದಿಂದ ಅಡುಗೆ ಅಮ್ಮನದು ಎಂದು ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಉಳಿದ ಹತ್ತು ಜನ ಕೋಟೆ ನೋಡಲು ವ್ಯಾನು ಹತ್ತಿದೆವು.

ನೋಡುವುದಾದರೂ ಎಂಥದ್ದು! ಬಂಗಾರದ ಬಣ್ಣದ ಕಲ್ಲಿನಲ್ಲಿ ಯಾರೋ ಪ್ರಾಣ ತೇದು ಕೆತ್ತಿದ್ದಾರೆ, ನಮ್ಮವರು "ನಮ್ಮ ಬೇಲೂರಿನ ಮುಂದೆ ಇದೇನೂ ಅಲ್ಲ ಬುಡು" ಎಂದು ಬೆನ್ನು ತಿರುಗಿಸಿ ಸೆಲ್ಫಿ ತೆಗೆದರು. ಗೈಡಿನ ಮಾತು ಕೋಣನ ಮುಂದೆ ಕಿನ್ನರಿ. ಭಾವ ಕೋಟೆಯ ಮೂಲೆಗೆ ಎಲೆ ಅಡಿಕೆ ಉಗಿದ, ಅದರ ಕೆಂಪು ರಸ ಕಲ್ಲಿನ ಮೇಲೆ ಇಳಿಯಿತು. ಹನ್ನೆರಡೂವರೆಗೆ ಸರಿಯಾಗಿ "ನಡೀರಿ ನಡೀರಿ, ಮುದ್ದೆ ಆರೋಯ್ತದೆ" ಎಂದು ಎಲ್ಲರನ್ನೂ ಹೊರಡಿಸಿದ. ಎರಡನೇ ದಿನ ಕೆರೆ, ಹವೇಲಿ, ಜನ ಬಿಟ್ಟುಹೋದ ಹಳ್ಳಿ. ಹಳ್ಳಿಯನ್ನು ವ್ಯಾನಿನ ಕಿಟಕಿಯಿಂದಲೇ ನೋಡಿ ಮುಗಿಸಿದರು. ಇಂಥ ಜನರ ರಕ್ತವೇ ನನ್ನದೂ ಎಂದು ಅಸಹ್ಯಪಡುತ್ತಾ ಬಂದು, ಕೈತೊಳೆದು, ಅವರ ಪಕ್ಕದಲ್ಲೇ ಕೂತು ಉಂಡೆ.

ಮೂರನೆಯ ದಿನ ಸಂಜೆ ಮರಳ ದಿಬ್ಬ. ಮಾರನೆ ಬೆಳಗ್ಗೆ ಆರಕ್ಕೆ ಊರಿಗೆ ಹೊರಡುವುದು. ಮೂರು ಗಂಟೆಗೇ ಅಮ್ಮ ಹಸಿರು ಸೀರೆ ಉಟ್ಟು, ತಲೆ ಬಾಚಿ, ಟೆಂಟಿನ ಮುಂದಿನ ಕುರ್ಚಿಯಲ್ಲಿ ಚಪ್ಪಲಿ ಹಾಕಿಕೊಂಡೇ ಕೂತಿದ್ದಳು. ವ್ಯಾನು ಬಂತು. ಭಾವ ಹತ್ತಿರ ಬಂದು, "ಅತ್ತೆ, ಮರಳಲ್ಲಿ ಅಲೆದು ಬಂದ್ರೆ ಹಸಿವು ಜಾಸ್ತಿ ಆಯ್ತದೆ. ಹುರುಳಿಕಾಳು ಸಾರು ಮಾಡ್ಬುಡಿ. ನಿಮಗೆ ಒಂಟೆ ಹತ್ತೋಕೂ ಆಗಲ್ಲ, ಬಂದು ಏನ್ ಮಾಡ್ತೀರ" ಎಂದ.

ಅಮ್ಮ ನನ್ನ ಮುಖ ನೋಡಿದಳು.

ಒಂದು ಮಾತು ಸಾಕಿತ್ತು. ನಾನು ಆ ಮಾತು ಆಡಲಿಲ್ಲ. ಭಾವನಿಗೆ ಬೇಜಾರಾದರೆ ಅಕ್ಕನ ಮೇಲೆ ತೀರಿಸಿಕೊಳ್ಳುತ್ತಾನೆ ಎಂದು ಆಮೇಲೆ ನನಗೆ ನಾನೇ ಸಬೂಬು ಹೇಳಿಕೊಂಡೆ. ನಿಜ ಹೇಳುತ್ತೇನೆ: ಆ ಹೊತ್ತಿಗೆ ನನ್ನ ಬಾಯಲ್ಲೂ ಹುರುಳಿಕಾಳು ಸಾರಿಗೆ ನೀರೂರಿತ್ತು. "ನಾಳೆ ಬೆಳಗ್ಗೆ ನಾವಿಬ್ರೇ ಹೋಗಣ ಕಣಮ್ಮ" ಎಂದೆ. ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು.

ದಿಬ್ಬದ ಬುಡದಲ್ಲಿ ಪ್ಲಾಸ್ಟಿಕ್ ಬಾಟಲಿ, ಒಂಟೆ ಲದ್ದಿ, ಎದೆ ಒಡೆಯುವ ಸ್ಪೀಕರ್. ಹೇಸಿಗೆಯಾಗಿ ನಾನೊಬ್ಬನೇ ಮುಂದೆ ನಡೆದೆ. ಎರಡು ದಿಬ್ಬ ದಾಟಿದ ಮೇಲೆ ಏನೂ ಇರಲಿಲ್ಲ. ಮರವಿಲ್ಲ, ಮನುಷ್ಯರಿಲ್ಲ, ಕಣ್ಣು ಹಾಯುವವರೆಗೂ ಮರಳು. ಫೋಟೊ ತೆಗೆದುಕೊಂಡೆ. ವಾಪಸ್ಸು ಬಂದು ಎರಡು ಮುದ್ದೆ ಉಂಡೆ. ಸಾರು ಬಹಳ ಚೆನ್ನಾಗಿತ್ತು.

ಬೆಳಗ್ಗೆ ಆರಕ್ಕೆ ಹೊರಟೆವು. ರೈಲಿನಲ್ಲಿ ಅಮ್ಮ ನನ್ನ ಫೋನು ತೆಗೆದುಕೊಂಡು ಒಂದೊಂದೇ ಫೋಟೊ ಸರಿಸುತ್ತಾ ಬಂದವಳು ಆ ಮರಳಿಗೆ ಬಂದು ನಿಂತಳು. ಬೆರಳಲ್ಲಿ ದೊಡ್ಡದು ಮಾಡಿ ತುಂಬ ಹೊತ್ತು ನೋಡಿದಳು.

"ಇದು ಎಲ್ಲೋ? ನಾವಿದ್ದ ಜಾಗದ ಹತ್ರಾನೇನೋ?"

"ಇಲ್ಲ ಕಣಮ್ಮ. ನಾವು ಹೋದ ದಿಬ್ಬದಲ್ಲಿ ಬರೀ ಬಾಟ್ಲಿ, ಒಂಟೆ ಲದ್ದಿ. ಇದು ತುಂಬ ದೂರ. ಯಾರೋ ಕಳ್ಸಿದ್ದು" ಎಂದೆ.

"ಅಂಗಾ" ಎಂದಳು. ಅವಳ ಮುಖ ಹಗುರಾಯಿತು. "ಸದ್ಯ, ಅಷ್ಟು ಹತ್ರ ಹೋಗಿ ನೋಡ್ದೆ ಬಂದ್ಬುಟ್ನಲ್ಲ ಅನ್ಕೊಂಡೆ ಕಣೋ" ಎಂದು ಫೋನು ವಾಪಸ್ಸು ಕೊಟ್ಟಳು.