ಗೋಡೆಗೆ ನೀರೆರೆಯುವವನು

ಮಂಗಿಸ್ತಾವ್ ಮರಳುಗಾಡಿನ ಹೊಸ ಮಸೀದಿ ಕಾಯುವ ಮುದುಕ ಎಸೆನ್‌ಬೈಗೆ, ಅದನ್ನು ಕಟ್ಟಿದ ಎಂಜಿನಿಯರನ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಗುಮ್ಮಟವಿಲ್ಲ, ಮಿನಾರಿಲ್ಲ; ಗೋಡೆಗೂ ಮರಳಿನದೇ ಬಣ್ಣ. ಲಾರಿಯವರು, "ಎಲ್ಲಜ್ಜಾ ನಿನ್ನ ಮಸೀದಿ? ಒಂಟೆ ಮೇದ್‌ಬಿಡ್ತಾ?" ಎಂದು ಕೆಣಕಿದರೆ, "ನಿನ್ನ ಕಣ್ಣು ಮೇದಿದೆ ಕಣೋ, ಇಳಿದು ಚಹಾ ಕುಡಿ" ಎನ್ನುತ್ತಾನೆ. ದಿನಕ್ಕೆ ಮೂರು ಸಲ ಬಾವಿಯಿಂದ ನೀರು ಹೊತ್ತು ತಂದು ಗೋಡೆಗೆ ಎರಚುತ್ತಾನೆ. ನೆಂದ ಗೋಡೆ ಕಪ್ಪಾಗಿ, ಆರುವವರೆಗೆ ದೂರದಿಂದ ಎದ್ದು ಕಾಣುತ್ತದೆ. "ಕುಡಿಯೋಕೇ ನೀರಿಲ್ಲ, ಗೋಡೆಗೆ ಸ್ನಾನ ಬೇರೆ!" ಎಂದು ಸೊಸೆ ಗೊಣಗುತ್ತಾಳೆ. ಮೊದಲು ಇದೇ ಜಾಗದಲ್ಲಿದ್ದ ಹಳೇ ಮಸೀದಿಯ ಬಿಳಿ ಗುಮ್ಮಟ ನೋಡಿಕೊಂಡು ಜನ ದಾರಿ ಹಿಡಿಯುತ್ತಿದ್ದ ಕಾಲದಲ್ಲಿ, ತಪ್ಪಿಸಿಕೊಂಡ ಒಂಟೆಯನ್ನು ಹುಡುಕಲು ಹೋದ ಅವನ ತಮ್ಮ ಜೋಲ್ಬಾರಿಸ್ ಮೂವತ್ತು ವರ್ಷವಾದರೂ ಬಂದಿಲ್ಲ. ಶುಕ್ರವಾರ ಏಳು ರೊಟ್ಟಿ ಎಣ್ಣೆಯಲ್ಲಿ ಕರಿದು, ಸತ್ತವರ ಹೆಸರು ಹೇಳಿ ಹಂಚುವುದು ಅಲ್ಲಿನ ಪದ್ಧತಿ. ಎಸೆನ್‌ಬೈ ಅಪ್ಪನ ಹೆಸರು, ಅಮ್ಮನ ಹೆಸರು, ಹೆಂಡತಿಯ ಹೆಸರು ಹೇಳಿ ನಿಲ್ಲಿಸುತ್ತಾನೆ. "ಈ ಸಲನಾದ್ರೂ ಚಿಕ್ಕ ಮಾವನ ಹೆಸರು ಹೇಳಿಬಿಡಿ, ಮಾವಾ" ಎಂದು ಸೊಸೆ ಮೆಲ್ಲಗೆ ಅನ್ನುತ್ತಾಳೆ. "ಅವನು ಇನ್ನೂ ಗುಮ್ಮಟ ಹುಡುಕ್ತಿದಾನಮ್ಮ" ಎಂದು ಮುದುಕ ಕೊಡ ಎತ್ತಿಕೊಂಡು ಬಾವಿಗೆ ನಡೆಯುತ್ತಾನೆ.