ಕಾಲು ಮುಂದಾಗಿ ಹುಟ್ಟಿದವನು

ನಾನು ಹುಟ್ಟುವಾಗ ತಲೆಯ ಬದಲು ಕಾಲು ಮುಂದೆ ಬಂತಂತೆ. ಜೀವನದಲ್ಲಿ ಹಿಂದೆಮುಂದೆ ನೋಡದೆ ನಾನು ಕಾಲಿಟ್ಟಿದ್ದು ಅದೊಂದೇ ಸಲ. ಆಮೇಲಿನದನ್ನೆಲ್ಲ ಯೋಚಿಸಿ, ಅನುಮಾನಿಸಿ, ಬಾಗಿಲ ಚಿಲಕವನ್ನು ಎರಡೆರಡು ಸಲ ಎಳೆದು ನೋಡಿಯೇ ಮಾಡಿದ್ದೇನೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಂಗಾರಪೇಟೆ ಸ್ಟೇಷನ್ನಿನಿಂದ ವಾಪಸ್ಸು ಬಂದವನು ನಾನು. ಗ್ಯಾಸ್ ಆಫ್ ಆಗಿಯೇ ಇತ್ತು.

ನಮ್ಮ ಕಡೆ ಹೀಗೆ ಹುಟ್ಟಿದವರ ಕಾಲಿಗೆ ಒಂದು ಕೆಲಸ ಇದೆ. ಸೊಂಟ ಉಳುಕಿದವರು, ಬೆನ್ನು ಹಿಡಿದುಕೊಂಡವರು ಬೆಳಿಗ್ಗೆ ಬಂದು ಹೊಸಲಿನ ಮುಂದೆ ಬೋರಲು ಮಲಗುತ್ತಾರೆ. ಕಾಲು ಮುಂದಾಗಿ ಹುಟ್ಟಿದವನು ಎಡಗಾಲನ್ನು ಅವರ ಸೊಂಟಕ್ಕೆ ಮೂರು ಸಲ ಮುಟ್ಟಿಸಬೇಕು. ಅದಕ್ಕೆ ಒದೆಯುವುದು ಎಂದೇ ಹೆಸರು, ಆದರೆ ಮಲಗಿದ ಮಗುವನ್ನು ತಟ್ಟುವಷ್ಟೂ ಜೋರಿರುವುದಿಲ್ಲ. ಇದಕ್ಕೆ ಕಾಸು ಮುಟ್ಟುವಂತಿಲ್ಲ. ಒದೆಸಿಕೊಂಡವರು ಎದ್ದು, ತಿರುಗಿ ನೋಡದೆ ಮನೆ ಸೇರಬೇಕು.

ನಾನು ಚಿಕ್ಕವನಿದ್ದಾಗ ಕೆಜಿಎಫ್‌ನ ನಂದಿದುರ್ಗ ಚಿನ್ನದ ಗಣಿಯ ಕೆಲಸಗಾರರ ಲೈನ್ ಮನೆಗಳಿಂದಲೂ ಜನ ಬರುತ್ತಿದ್ದರು. ಆಗ ಗಣಿ ಇನ್ನೂ ನಡೆಯುತ್ತಿತ್ತು. ಒಬ್ಬ ಸೈಕಲ್ ತುಳಿಯುತ್ತಿದ್ದ, ಸೊಂಟ ಹಿಡಿದವನು ಹಿಂದೆ ಕ್ಯಾರಿಯರಿನ ಮೇಲೆ ಓರೆಯಾಗಿ ಕೂತಿರುತ್ತಿದ್ದ. "ಮೆಲ್ಲ ತಂಬಿ, ಮೆಲ್ಲ" ಎನ್ನುತ್ತ ಮಲಗುತ್ತಿದ್ದ. ಭೂಮಿಯ ಹೊಟ್ಟೆಗಿಳಿದು ಬಂಡೆ ಒಡೆಯುವ ಮನುಷ್ಯನ ಬೆನ್ನುಮೂಳೆ ನನ್ನ ಪುಟ್ಟ ಕಾಲಿಗೆ ಪಟ್ ಎಂದು ಮುರಿದುಬಿಟ್ಟರೆ ಏನು ಗತಿ ಎಂದು ನನಗೆ ಆಗಲೇ ಬೆವರು ಬರುತ್ತಿತ್ತು. ನನ್ನ ಚಿಂತೆಗಳ ವೃತ್ತಿಜೀವನ ಅಲ್ಲಿಂದ ಶುರು.

ಯಾರ ಮೂಳೆಯೂ ಮುರಿಯಲಿಲ್ಲ. ನಾನು ದೊಡ್ಡವನಾದೆ, ಕೆಜಿಎಫ್‌ನ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು. ಬಂಗಾರಪೇಟೆಗೆ ಹತ್ತಿರದ ಹಳ್ಳಿಯಲ್ಲಿ ನಮ್ಮ ಮನೆ. ಹೆಂಡತಿ ಎರಡು ಸೀಮೆಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದಳು. ಭಾನುವಾರ ಬೆಳಿಗ್ಗೆ ಯಾರಾದರೂ ಸೊಂಟ ಹಿಡಿದುಕೊಂಡು ಬಂದರೆ, "ನಿನ್ನ ಪೇಷೆಂಟ್ ಬಂದವ್ರೆ" ಎಂದು ಕೊಟ್ಟಿಗೆಯಿಂದಲೇ ಕೂಗುತ್ತಿದ್ದಳು. ತಾನು ಮಾತ್ರ ಒಂದು ದಿನವೂ ಒದೆಸಿಕೊಂಡವಳಲ್ಲ. ಗಂಡ ಹೆಂಡತಿಗೆ ಒದ್ದ ಎಂದರೆ, ಅದು ಔಷಧಿಗೇ ಆಗಿರಲಿ, ಬೀದಿಯವರು ಬೇರೆ ತರಹ ಆಡಿಕೊಳ್ಳುತ್ತಾರೆ ಎಂದು ಅವಳಿಗೆ ನಾಚಿಕೆ.

ಒಂದು ಶುಕ್ರವಾರ ಹುಲ್ಲಿನ ಹೊರೆ ಎತ್ತುವಾಗ ಅವಳ ಸೊಂಟ ಹಿಡಿದುಕೊಂಡಿತು. ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಬಿಸಿನೀರು, ಎಣ್ಣೆ, ಮುಲಾಮು ಎಲ್ಲ ಆಯಿತು. ಸಂಜೆ ತಾನೇ ಚಾಪೆ ಹಾಸಿಕೊಂಡು ಬೋರಲು ಮಲಗಿದಳು.

"ಊರವ್ರಿಗೆಲ್ಲಾ ಒದ್ದಿದೀಯ, ನಂದೊಂದು ಬಾಕಿ ಮಡಗಿದೀಯ. ಬಾಗಿಲು ಹಾಕಿ ಒದಿ, ಯಾರೂ ನೋಡೋದು ಬ್ಯಾಡ."

ಬಾಗಿಲು ಹಾಕಿದೆ. ಚಿಲಕವನ್ನು ಎರಡು ಸಲ ನೋಡಿದೆ. ಮೂರು ಸಲ ಕಾಲು ಮುಟ್ಟಿಸಿದೆ. ಅವಳು ನಕ್ಕಳು, "ಇಷ್ಟೇನಾ? ಇದಕ್ಕಾ ಆ ಜನ ಅಷ್ಟು ದೂರದಿಂದ ಬರೋದು?" ಅಂದಳು.

ಶನಿವಾರ ನಾನು ಕಾರ್ಖಾನೆಯಿಂದ ಬರುವ ಹೊತ್ತಿಗೆ ಅವಳ ಎರಡೂ ಕಾಲು ಜೋಮು ಹಿಡಿದಿದ್ದವು. ಬೆಳಿಗ್ಗೆಯಿಂದ ಮೂತ್ರ ಹೋಗಿರಲಿಲ್ಲ. ಇನ್ನೊಂದು ಮಾತನ್ನು ಅವಳು ನನ್ನ ಕಿವಿಯಲ್ಲಿ ಹೇಳಿದಳು: ಕೂತ ಜಾಗ ತನ್ನದೇ ಅನ್ನಿಸುತ್ತಿಲ್ಲ, ಯಾರದೋ ಮೈಯ ಮೇಲೆ ಕೂತಂಗಿದೆ. ಇದನ್ನು ಡಾಕ್ಟರ ಮುಂದೆ ಹೇಳು ಎಂದರೆ, "ಅದನ್ನೆಲ್ಲಾ ಎಂಗೆ ಏಳೋದು, ನೀನೇ ಏಳು" ಎಂದಳು.

ಆಟೋದಲ್ಲಿ ಬಂಗಾರಪೇಟೆಯ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಅಲ್ಲಿ ನಾನು ಹಳೆಯ ಗಿರಾಕಿ. ಹೃದಯಾಘಾತ ಎಂದುಕೊಂಡು ಹೋಗಿ ಅಜೀರ್ಣ ಎನ್ನಿಸಿಕೊಂಡು ಬಂದಿದ್ದೆ. ಬೆನ್ನ ಮೇಲಿನ ಮಚ್ಚೆ ದೊಡ್ಡದಾಗುತ್ತಿದೆ ಎಂದು ತೋರಿಸಿದ್ದೆ, ಅದು ಅಮ್ಮನ ಕಾಲದಿಂದ ಅಷ್ಟೇ ಇದ್ದ ಮಚ್ಚೆ. ಡ್ಯೂಟಿ ಡಾಕ್ಟರು ನನ್ನನ್ನು ನೋಡಿದ ತಕ್ಷಣ ನಗು ತಂದುಕೊಂಡರು.

"ಏನ್ ಸಾರ್, ಈ ಸಲ ನಿಮಗಲ್ವಾ?"

ನನ್ನಂಥವರು ಡಾಕ್ಟರ ಹತ್ತಿರ ಏನನ್ನೂ ಮುಚ್ಚಿಡುವುದಿಲ್ಲ. ಹುಲ್ಲಿನ ಹೊರೆ, ಎಣ್ಣೆ, ಮುಲಾಮು, ನಾನು ಹುಟ್ಟಿದ ರೀತಿ, ನನ್ನ ಎಡಗಾಲು, ಮೂತ್ರ ಹೋಗದಿದ್ದದ್ದು, ಕೂತ ಜಾಗದ ಮರಗಟ್ಟುವಿಕೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಕಾಲಿನ ವಿಷಯ ಬಂದಾಗ ಅವರು ನಗು ತಡೆಯಲಾರದೆ ನರ್ಸಿನ ಕಡೆ ನೋಡಿದರು. ಹೆಂಡತಿ ಪಕ್ಕದ ಮಂಚದಲ್ಲಿ ಸೆರಗನ್ನು ಮುಖದ ಮೇಲೆಳೆದುಕೊಂಡು ಮಲಗಿದ್ದಳು. ನರ ಹಿಡಿದುಕೊಂಡಿದೆ, ಇಂಜೆಕ್ಷನ್ ಕೊಟ್ಟು ಡ್ರಿಪ್ ಹಾಕೋಣ, ಬೆನ್ನಿನ ಸ್ಪೆಷಲಿಸ್ಟು ಸೋಮವಾರ ಬೆಂಗಳೂರಿನಿಂದ ಬರ್ತಾರೆ, ಸ್ಕ್ಯಾನಿಂಗ್ ಬೇಕಿದ್ರೆ ಅವರೇ ಹೇಳ್ತಾರೆ, ಅಂದರು.

ಭಾನುವಾರವಿಡೀ ನಾನು ನರ್ಸಿನ ಹಿಂದೆ ಸುತ್ತಿದೆ. ಮೂತ್ರ ಇನ್ನೂ ಹೋಗಿಲ್ಲ ಸಿಸ್ಟರ್. ಹೊಟ್ಟೆ ಉಬ್ಬಿದೆ ಸಿಸ್ಟರ್. ಚಿವುಟಿದರೂ ಗೊತ್ತಾಗುತ್ತಿಲ್ಲ ಸಿಸ್ಟರ್.

"ಯಾಕಣ್ಣ ಅಷ್ಟು ಟೆನ್ಷನ್ ಮಾಡ್ಕೊಂತೀರ, ಅಕ್ಕನೇ ಆರಾಮಾಗವ್ರೆ. ಮೊದಲು ನೀವೋಗಿ ಟೀ ಕುಡ್ಕೊಂಡ್ ಬನ್ನಿ."

ಹೋಗಿ ಕುಡಿದು ಬಂದೆ. ಮಧ್ಯಾಹ್ನ ಮೂತ್ರಕ್ಕೆ ನಳಿಕೆ ಹಾಕಿದರು. ಚೀಲ ತುಂಬಿತು, ಅವಳಿಗೂ ಹೊಟ್ಟೆಯುಬ್ಬರ ಕಡಿಮೆಯಾಯಿತು, ಎಲ್ಲರಿಗೂ ಸಮಾಧಾನವಾಯಿತು. ಅಷ್ಟೊಂದು ಮೂತ್ರ ತುಂಬಿಕೊಂಡಿದ್ದರೂ ಅವಳಿಗೆ ಯಾಕೆ ಬರುತ್ತಿರಲಿಲ್ಲ ಎಂದು ಯಾರೂ ಕೇಳಲಿಲ್ಲ. ನೋವೂ ಇಳಿದಿತ್ತು. ನೋವು ಇಳಿಯುವುದು ಒಳ್ಳೆಯದು ಎಂದು ನಾನೂ ಅಂದುಕೊಂಡೆ.

ಸೋಮವಾರ ಬಂದ ಸ್ಪೆಷಲಿಸ್ಟು ಒಂದು ಸೂಜಿ ತೆಗೆದುಕೊಂಡು ಅಲ್ಲಲ್ಲಿ ಮುಟ್ಟಿ ನೋಡಿದರು. ಅವರ ಮುಖ ಬದಲಾದದ್ದನ್ನು ನಾನು ನೋಡಿದೆ. ಇಡೀ ಬದುಕು ನಾನು ಹೆದರಿಕೊಂಡೇ ಕಾಯುತ್ತಿದ್ದ ಮುಖ ಅದು. ಕೂಡಲೇ ಬೆಂಗಳೂರಿಗೆ ಹೊರಡಿ ಎಂದರು. ಅಲ್ಲಿ ಸ್ಕ್ಯಾನಿಂಗ್ ಆಯಿತು, ಆಪರೇಷನ್ ಆಯಿತು. ಬೆನ್ನುಹುರಿಯ ಕೊನೆಯಲ್ಲಿ ಕುದುರೆ ಬಾಲದ ಹಾಗೆ ಹರಡಿಕೊಂಡ ನರಗಳ ಗೊಂಚಲು ಇದೆಯಂತೆ. ಎರಡು ಮೂಳೆಗಳ ನಡುವಿನ ಮೆತ್ತೆ ಜಾರಿ ಹೊರಗೆ ಬಂದು ಅದನ್ನು ಒತ್ತಿಕೊಂಡು ಕೂತಿತ್ತು. ಅಲ್ಲಿನ ಸರ್ಜನ್ನು ನನ್ನನ್ನು ಕೇಳಿದರು, ಮೂತ್ರ ಯಾವಾಗಿನಿಂದ ನಿಂತಿತ್ತು? ಶನಿವಾರದಿಂದ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಒರೆಸಿದ ಮೇಲೂ ಹಾಕಿಕೊಳ್ಳಲಿಲ್ಲ.

"ತಕ್ಷಣ ತಂದಿದ್ದರೆ ಇಷ್ಟಾಗುತ್ತಿರಲಿಲ್ಲ" ಎಂದು ಅವರು ಹೇಳಿದ್ದು ಮಾರನೆಯ ದಿನ. ನಾನು ನನ್ನ ಕಾಲಿನ ವಿಷಯ ಕೇಳಿದೆ. "ಹಾಗೆ ಮುಟ್ಟಿದ್ದಕ್ಕೆ ಸಾಮಾನ್ಯವಾಗಿ ಏನೂ ಆಗಲ್ಲ, ಆ ಮೆತ್ತೆ ಮೊದಲೇ ಜಾರಿತ್ತು" ಎಂದರು. ಬೇರೆಯವರಾಗಿದ್ದರೆ ಆ ಮಾತು ಕೇಳಿ ನಿದ್ದೆ ಮಾಡುತ್ತಿದ್ದರು. ನಾನು ಮಾತ್ರ ಆ 'ಸಾಮಾನ್ಯವಾಗಿ'ಯ ಒಳಗೇ ಮನೆ ಮಾಡಿಕೊಂಡಿದ್ದೇನೆ.

ಹೆಂಡತಿ ಈಗ ವಾಕರ್ ಹಿಡಿದು ನಡೆಯುತ್ತಾಳೆ. ಬಲಗಾಲು ಎಳೆದಂತೆ ಬರುತ್ತದೆ. ಮೂತ್ರಕ್ಕೆ ದಿನವೂ ತಾನೇ ನಳಿಕೆ ಹಾಕಿಕೊಳ್ಳಬೇಕು. ಹಸುಗಳನ್ನು ಬೇತಮಂಗಲದ ಕಡೆಯವರು ಕೊಂಡು, ಹೊಡೆದುಕೊಂಡು ಹೋದರು. ಆ ದಿನ ಅವಳು ಹೊರಗೆ ಬರಲಿಲ್ಲ.

ಕೇಸು ಹಾಕಬೇಕು ಎಂದದ್ದು ಅವಳು. ಕೋರ್ಟು ಕಂಡರೆ ರಸ್ತೆಯ ಆಚೆ ಬದಿಗೆ ದಾಟುವವನು ನಾನು. "ದುಡ್ಡು ಬರ್ಲಿ, ಬರ್ದೆ ಓಗ್ಲಿ. ನಾವು ಏಳಿದ್ವಿ, ಅವ್ರು ನೋಡ್ಲಿಲ್ಲ ಅಂತ ಯಾರಾದ್ರೂ ದೊಡ್ಡವ್ರು ಬರೀಬೇಕು" ಎಂದಳು. ಕೋಲಾರದ ಗ್ರಾಹಕರ ಆಯೋಗದಲ್ಲಿ ದೂರು ಹಾಕಿದೆವು. ಈ ಕಡೆಯ ಯಾವ ಡಾಕ್ಟರೂ ತಮ್ಮವರ ವಿರುದ್ಧ ಅಭಿಪ್ರಾಯ ಕೊಡಲಿಲ್ಲ. ಒಬ್ಬರಂತೂ ನನಗೆ ಬಿ.ಪಿ. ನೋಡಿ, ಮಾತ್ರೆ ಬರೆದು ಕಳಿಸಿದರು. ಕೊನೆಗೆ ಬೆಂಗಳೂರಿನ ಸರ್ಜನ್ನೇ ಬರೆದುಕೊಟ್ಟರು.

ನರ್ಸಿಂಗ್ ಹೋಮಿನವರ ಉತ್ತರ ಬಂತು. ರೋಗಿಯಾಗಲಿ ಅವರ ಕಡೆಯವರಾಗಲಿ ಮೂತ್ರದ ತೊಂದರೆ, ಮರಗಟ್ಟುವಿಕೆ ಯಾವುದನ್ನೂ ಶನಿವಾರ ತಿಳಿಸಿಲ್ಲ. ಆದರೆ, ಮೂಢನಂಬಿಕೆಯಿಂದ ತಾನು ಹಿಂದಿನ ದಿನ ಹೆಂಡತಿಯ ಬೆನ್ನಿಗೆ ಒದ್ದಿರುವುದಾಗಿ ಗಂಡನೇ ಡ್ಯೂಟಿ ಡಾಕ್ಟರಿಗೆ ತಿಳಿಸಿದ್ದಾರೆ. ಪೆಟ್ಟು ಅದರಿಂದಲೇ ಆಗಿದೆ.

ನಮ್ಮ ಲಾಯರು ಅದನ್ನು ಓದಿ ಹೇಳಿ, ಕನ್ನಡಕದ ಮೇಲಿನಿಂದ ನನ್ನ ಕಾಲನ್ನು ನೋಡಿದರು. ನಾನು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ.

"ನೋಡಿ ಸ್ವಾಮಿ, ಕಾಲುಗೀಲು ಎಲ್ಲ ಬೇಡ. ಅಂಥದ್ದು ನಡೆದೇ ಇಲ್ಲ ಅಂತ ಅಫಿಡವಿಟ್ಟು ಹಾಕಿಬಿಡೋಣ. ಮನೆಯೊಳಗೆ ಬಾಗಿಲು ಹಾಕಿಕೊಂಡು ಆಗಿದ್ದು, ಯಾರು ನೋಡಿದಾರೆ?"

ನನಗೆ ಎಷ್ಟು ಹಗುರವಾಯಿತು ಎಂದರೆ ಆಗಲೇ ಸಹಿ ಹಾಕಲು ಜೇಬಿನ ಪೆನ್ನು ತೆಗೆದಿದ್ದೆ. ಹೆಂಡತಿ ವಾಕರನ್ನು ಮುಂದಕ್ಕೆ ಸರಿಸಿದಳು.

"ಲಾಯರ್ರೇ, ಈವಪ್ಪ ಕಾಲಿಟ್ಟಿದ್ದು ಅವ್ರಿಗೆ ಎಂಗ್ ಗೊತ್ತಾಯ್ತು?"

"ಇವರೇ ಹೇಳಿದ್ದಾರಂತಲ್ಲಮ್ಮ."

"ಯಾವತ್ತು?"

"ಶನಿವಾರ."

"ಆ ಗಳಿಗೇಲೇ ಉಚ್ಚೆ ಓಗಿಲ್ಲ ಅಂತಾನೂ ಏಳಿದ. ನಾನು ಪಕ್ಕದಾಗೇ ಮಲಗಿದ್ದೆ. ಕಾಲಿನ ಮಾತು ಕೇಳಿಸ್ತಂತೆ, ಉಚ್ಚೆ ಮಾತು ಕೇಳಿಸ್ಲಿಲ್ಲಂತೆ. ಈಗ ನಾವು ಕಾಲೇ ಇಟ್ಟಿಲ್ಲ ಅಂದ್ಬಿಟ್ರೆ, ಆವತ್ತು ಅವರತ್ರ ಮಾತೇ ಆಡ್ಲಿಲ್ಲ ಅಂದಂಗಾಯ್ತದೆ."

ಲಾಯರು ಆ ಉತ್ತರದ ಹಾಳೆಯನ್ನು ಮತ್ತೆ ಎತ್ತಿಕೊಂಡು ನೋಡಿದರು. "ಸರಿಯೇ. ಆದರೆ ಇದು ಎರಡೂ ಕಡೆ ಕೊಯ್ಯುತ್ತಮ್ಮ. ಒದ್ದಿದ್ದಕ್ಕೇ ಆಗಿದ್ದು ಅಂತ ಆಯೋಗದವರು ಒಪ್ಪಿಕೊಂಡುಬಿಟ್ಟರೆ ಕೇಸೂ ಹೋಗುತ್ತೆ, ಇವರ ಹೆಸರೂ ಹೋಗುತ್ತೆ."

"ಓಗ್ಲಿ. ಸುಳ್ಳು ಏಳಿ ಗೆದ್ರೆ, ಅವ್ರು ನೋಡ್ಲಿಲ್ಲ ಅನ್ನೋದೂ ಸುಳ್ಳಾಯ್ತದೆ." ಆಮೇಲೆ ನನ್ನ ಕಡೆ ತಿರುಗಿ, "ನಿಂಗೇನು ಭಯ? ಒದಿ ಅಂದಿದ್ದು ನಾನು" ಎಂದಳು.

ಏನೇನು ಭಯ ಎಂದು ಹೇಳಲು ನನಗೆ ಒಂದು ದಿನ ಬೇಕಾಗುತ್ತಿತ್ತು. ಇಬ್ಬರೂ ಹಾಗೆಯೇ ಬರೆಸಿ ಸಹಿ ಹಾಕಿದೆವು.

ಆಯೋಗದಲ್ಲಿ ನನ್ನನ್ನು ಕರೆಸಿ ಪ್ರಶ್ನೆ ಕೇಳಿದರು. ಎದುರು ಪಕ್ಷದ ಲಾಯರು ಬಹಳ ಮರ್ಯಾದೆಯ ಮನುಷ್ಯ. "ಎಷ್ಟು ಜನರಿಗೆ ಒದ್ದಿದ್ದೀರಿ ಸಾರ್, ಇಲ್ಲಿಯವರೆಗೆ?" ಎಂದು ಕೇಳಿದರು. ಹಿಂದಿನ ಬೆಂಚಿನಲ್ಲಿ ಬೇರೆ ಕೇಸಿಗೆ ಬಂದವರು ಕಿಸಕ್ಕೆಂದರು. ಲೆಕ್ಕ ಇಟ್ಟಿಲ್ಲ ಎಂದೆ. ಹೇಗೆ ಒದ್ದಿರಿ, ತೋರಿಸಿ, ಎಂದು ಒಂದು ಸ್ಟೂಲು ಎಳೆದರು. ಚಪ್ಪಲಿ ಬಿಟ್ಟು, ಎಡಗಾಲು ಎತ್ತಿ ಸ್ಟೂಲಿಗೆ ಮುಟ್ಟಿಸಿದೆ. ಸ್ಟೂಲು ಇದ್ದಲ್ಲೇ ಇತ್ತು. "ಇನ್ನೂ ಜೋರಾಗಿ ಒದ್ದಿರಬೇಕಲ್ಲ?" ಎಂದರು. ಇಲ್ಲ ಎಂದೆ. ಐವತ್ತರ ಹತ್ತಿರದ ಗಂಡಸು ಒಂದು ಕಾಲು ಗಾಳಿಯಲ್ಲಿ ಎತ್ತಿಕೊಂಡು, ಇಲ್ಲ ಸಾರ್, ಇಷ್ಟೇ ಸಾರ್, ಎನ್ನುವುದನ್ನು ನನ್ನ ಹೆಂಡತಿ ವಾಕರಿನ ಮೇಲೆ ಗದ್ದವಿಟ್ಟು ನೋಡುತ್ತಿದ್ದಳು.

ಆಗ ಅಧ್ಯಕ್ಷರು, ಅದುವರೆಗೆ ಬರೆಯುತ್ತಲೇ ಇದ್ದವರು, ತಲೆಯೆತ್ತಿ ಕೇಳಿದರು: "ಕಾಲಿನ ವಿಷಯ ಹೇಳಿದಿರಿ. ಆ ಡಾಕ್ಟರಿಗೆ ಮತ್ತೇನು ಹೇಳಿದಿರಿ?"

ಹೇಳಿದೆ. ಶನಿವಾರ ಹೇಳಿದ ಹಾಗೆಯೇ, ಒಂದೇ ಉಸಿರಿನಲ್ಲಿ, ಹುಲ್ಲಿನ ಹೊರೆಯಿಂದ ಹಿಡಿದು ಕೂತ ಜಾಗದವರೆಗೆ. ಈ ಸಲ ಯಾರೂ ನಗಲಿಲ್ಲ.

ತೀರ್ಪು ಬರಲು ಬಹಳ ಕಾಲ ಹಿಡಿಯಿತು. ಗಂಡ ಕಾಲು ಮುಟ್ಟಿಸಿದ ಮಾತನ್ನು ಮಾತ್ರ ಡಾಕ್ಟರು ಕೇಳಿಸಿಕೊಂಡು ಉಳಿದದ್ದನ್ನು ಕೇಳಿಸಿಕೊಳ್ಳಲಿಲ್ಲ ಎನ್ನುವುದನ್ನು ನಂಬಲಾಗುವುದಿಲ್ಲ, ತಡವಾದದ್ದು ಸೇವೆಯ ಲೋಪ, ಎಂದು ಬರೆದಿದ್ದರು. ಅದೇ ಪುಟದಲ್ಲಿ, ಇಂಥ ಆಚರಣೆಯನ್ನು ಒಪ್ಪಲಾಗದು ಎಂದೂ ಇತ್ತು. ನರ್ಸಿಂಗ್ ಹೋಮಿನವರು ಬೆಂಗಳೂರಿಗೆ ಅಪೀಲು ಹೋದರು. ಅದು ಅಲ್ಲೇ ಇದೆ. ಹೆಂಡತಿ 'ನಂಬಲಾಗುವುದಿಲ್ಲ' ಎನ್ನುವ ಆ ಒಂದು ಸಾಲನ್ನು ನನ್ನಿಂದ ಮತ್ತೆ ಓದಿಸಿದಳು, ಮಡಚಿ ಒಳಗಿಡು ಎಂದಳು. ಆ ರಾತ್ರಿಯೂ ನಳಿಕೆ ಹಾಕಿಕೊಳ್ಳಬೇಕಿತ್ತು. ಹಾಕಿಕೊಂಡಳು.

ಜನ ಈಗಲೂ ಬರುತ್ತಾರೆ. ಕೇಸಿನ ಸುದ್ದಿಯಿಂದ ನನ್ನ ಕಾಲಿನ ಖ್ಯಾತಿ ಹೆಚ್ಚೇ ಆಗಿದೆ. ನಾನು ಯಾರಿಗೂ ಕಾಲು ಮುಟ್ಟಿಸುವುದಿಲ್ಲ. ಹೋದ ತಿಂಗಳು ಬೇತಮಂಗಲದಿಂದ ಬಸ್ಸಿನಲ್ಲಿ ಒಬ್ಬ ಹೆಂಗಸು ಬಂದು, ಬೇಡವೆಂದರೂ ಕೇಳದೆ ಹೊಸಲಿನ ಮುಂದೆ ಮಲಗಿಬಿಟ್ಟಳು. ಮೂತ್ರ ಸರಿಯಾಗಿ ಹೋಗುತ್ತಾ ಎಂದು ಕೇಳಿದೆ.

"ಒದಿಯಣ್ಣ ಅಂತ ಬಂದ್ರೆ ಉಚ್ಚೆ ವಿಚಾರಿಸ್ತೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?"

ಒಳಗಿನಿಂದ ವಾಕರಿನ ಸದ್ದು ಬಂತು. "ನೀನು ಒಳಕ್ಕೋಗು" ಎಂದಳು ಹೆಂಡತಿ. ಅವಳು ಹೊಸಲಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಳು. ಇಬ್ಬರೂ ಪಿಸುಗುಟ್ಟುವುದು ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಆಮೇಲೆ ಕೂಗಿದಳು: "ಆಟೋದವನಿಗೆ ಫೋನ್ ಮಾಡು. ಬಂಗಾರಪೇಟೆಗಲ್ಲ, ಕೋಲಾರದ ದೊಡ್ಡಾಸ್ಪತ್ರೆಗೆ. ಈಗಲೇ."

ಆ ಹೆಂಗಸಿಗೆ ಅಂಥದ್ದೇನೂ ಇರಲಿಲ್ಲ. ಮೂತ್ರದ ಸೋಂಕು, ಸುಮ್ಮನೆ ಸೊಂಟನೋವು. ವಾರ ಕಳೆದ ಮೇಲೆ ಅವಳೇ ಬಸ್ಸಿಳಿದು ಬಂದು ಅಂಗಳದಲ್ಲಿ ನಿಂತು ಬೈದಳು. ಮೂರು ಕಾಸಿನ ನೋವಿಗೆ ಕೋಲಾರ ತಿರುಗಿಸಿದ್ರಿ, ಮನೇಲಿ ಎಲ್ರ ಪ್ರಾಣ ತೆಗೆದ್ರಿ, ಗಂಡ ಎಂಗೋ ಎಂಡ್ತೀನೂ ಅಂಗೇ. ನಾನು ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಹೆಂಡತಿ ಕೈ ಹಿಡಿದು ಸುಮ್ಮನಾಗಿಸಿದಳು. ಪೂರ್ತಿ ಬೈಸಿಕೊಂಡಳು.

ಹೆಂಗಸು ಸೆರಗು ಕೊಡವಿ, ತಿರುಗಿ ನೋಡದೆ ಹೊರಟಳು. ನನ್ನ ಹೆಂಡತಿ ಅವಳ ಎರಡು ಕಾಲುಗಳನ್ನೇ ನೋಡುತ್ತಿದ್ದಳು. ಎರಡೂ ಒಂದೇ ಸಮ ಎದ್ದು ಒಂದೇ ಸಮ ಬೀಳುತ್ತಿದ್ದವು. ರಸ್ತೆಯ ತಿರುವಿನಲ್ಲಿ ಅವಳು ಮರೆಯಾಗುವವರೆಗೆ ನೋಡಿ, "ಚೆನ್ನಾಗಿ ನಡೀತಾವ್ಳೆ" ಎಂದಳು.