ನಾಜೂಕಿನ ಖಾದರ್ ಸಾಬರು

ಖಾದರ್ ಸಾಬರ ಕೈಯಲ್ಲಿ ಆಗದ ಕೆಲಸವಿರಲಿಲ್ಲ. ಮುಗಿದ ಕೆಲಸವೂ ಇರಲಿಲ್ಲ. ಐವತ್ತರ ದಶಕದಲ್ಲಿ, ಭದ್ರಾವತಿಯ ಹಳೇನಗರದಲ್ಲಿ ನಮ್ಮ ಪಕ್ಕದ ಮನೆ ಅವರದು. ಹೊಟ್ಟೆಪಾಡಿಗೆ ಅಕ್ಕಿ ಗಿರಣಿಯೊಂದರಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದರು. ಉಳಿದ ಹೊತ್ತಿನಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುವರು, ಹಾರ್ಮೋನಿಯಂ ಬಿಚ್ಚಿ ಶ್ರುತಿ ಸರಿಪಡಿಸುವರು, ಸೈಕಲ್ ಚಕ್ರದಿಂದ ಗಾಳಿಯಂತ್ರ ಕಟ್ಟುವರು. ನಾನು ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದೆ. ಪಾಠಕ್ಕೆ ಕಣ್ಣಿನ ಚಿತ್ರ ಬೇಕೆಂದಾಗ ಮಾಂಸದ ಅಂಗಡಿಯಿಂದ ಕುರಿಯ ಕಣ್ಣು ತಂದು, ಕೊಯ್ದು ನೋಡಿ, ಒಂದೊಂದು ನರವನ್ನೂ ಬರೆದರು. ಬಣ್ಣ ಮಾತ್ರ ಅರ್ಧಕ್ಕೇ ನಿಂತಿತು.

"ಕೊಡಿ ಸಾಬ್ರೇ, ಪರೀಕ್ಷೆ ಬಂತು" ಎಂದರೆ, "ಇರಿ ಮೇಷ್ಟ್ರೇ, ಇನ್ನೊಂಚೂರು ನಾಜೂಕು ಆಗ್ಬೇಕು" ಎನ್ನುವರು. ಪರೀಕ್ಷೆ ಬಂದೂ ಹೋಯಿತು. ಬೀದಿಯವರೆಲ್ಲ ಆ ಮಾತು ಹಿಡಿದು ನಗುತ್ತಿದ್ದೆವು.

ಗಿರಣಿಯಲ್ಲಿ ಒಂದು ಕೆಟ್ಟ ರೂಢಿಯಿತ್ತು. ಚಕ್ರದಿಂದ ಬೆಲ್ಟು ಜಾರಿದರೆ ಎಂಜಿನ್ ನಿಲ್ಲಿಸುವಂತಿಲ್ಲ; ಮತ್ತೆ ಚಾಲೂ ಮಾಡಲು ಅರ್ಧ ಗಂಟೆ ಬೇಕು, ಧಣಿ ಸಿಡುಕುತ್ತಾನೆ. ತಿರುಗುವ ಚಕ್ರಕ್ಕೇ ಕೈಯಿಂದ ಬೆಲ್ಟು ಎಸೆದು ಕೂರಿಸಬೇಕು. ಆ ಕೆಲಸ ಸಾಬರ ಜೀವದ ಗೆಳೆಯ ಮುರುಗೇಶನದು. ಇವನ ಪ್ರಾಣ ಹೋಗುತ್ತದೆಂದು ಹೆದರಿ ಸಾಬರು ಹದಿನೈದು ದಿನ ಕೂತು, ದೂರದಿಂದಲೇ ಬೆಲ್ಟು ಕೂರಿಸುವ ಮರದ ಸನ್ನೆಗೋಲು ಮಾಡಿದರು. ನಾನೂ ನೋಡಲು ಹೋಗಿದ್ದೆ. ಮುರುಗೇಶ ಒಂದು ಮಾರು ದೂರ ನಿಂತು ಹಿಡಿ ಒತ್ತಿದ. ಬೆಲ್ಟು ತೆಪ್ಪಗೆ ಹೋಗಿ ಕೂತಿತು.

"ಭಾಯ್, ಇದನ್ನ ಇಲ್ಲೇ ಬಿಟ್ಬಿಡು" ಎಂದು ಅವನು ಕೈಮುಗಿದ.

"ಕಿರ್ ಅಂತೈತೆ ಮಾರಾಯ. ಎರಡು ದಿನ ಕೊಡು, ನಾಜೂಕು ಮಾಡಿ ತರ್ತೀನಿ" ಎಂದು ಸಾಬರು ಅದನ್ನು ಹೆಗಲಿಗೇರಿಸಿ ಮನೆಗೆ ಹೊತ್ತು ತಂದರು. ಬೈದು ಕಿತ್ತುಕೊಳ್ಳಬೇಕಿತ್ತು ನಾನು. ನಕ್ಕೆ. ಅದು ಇಂದಿಗೂ ಚುಚ್ಚುತ್ತದೆ.

ಎರಡು ದಿನ ಎರಡು ವಾರವಾಯಿತು. ಕಿರ್ ಎನ್ನುವುದು ನಿಂತಿತು. ಹಿಡಿಗೆ ಬಳ್ಳಿಯ ಕೆತ್ತನೆ ಶುರುವಾಯಿತು. ತಮ್ಮ ವಾರದ ರಜೆಯ ದಿನ ಸಾಬರು ಜಗಲಿಯಲ್ಲಿ ಕೂತು ಎಲೆ ಕೆತ್ತುತ್ತಿದ್ದಾಗ ಗಿರಣಿಯ ಆಳು ಓಡಿಬಂದ. ಬೆಲ್ಟು ಮುರುಗೇಶನ ತೋಳು ಹಿಡಿದು ಎಳೆದುಕೊಂಡಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಅವನು ತೀರಿಕೊಂಡ.

ಆಮೇಲೆ ಸಾಬರು ಉಳಿ ಮುಟ್ಟಲಿಲ್ಲ, ಕುಂಚ ಮುಟ್ಟಲಿಲ್ಲ. ಊರು ಬಿಟ್ಟರು. ಕೆಲವು ವರ್ಷಗಳ ಮೇಲೆ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಕಂಡರು. ಯಾರದೋ ಸೌದೆ ಡಿಪೋದಲ್ಲಿ ಸೌದೆ ತೂಗುತ್ತಿದ್ದರು. ನನಗೆ ಅಳು ಬಂತು. ಆ ಸನ್ನೆಗೋಲನ್ನಾದರೂ ಬೇರೆ ಗಿರಣಿಗೆ ಕೊಡಬಹುದಿತ್ತಲ್ಲ ಎಂದೆ.

"ಒಲೆಗೆ ಹಾಕ್ದೆ" ಎಂದರು. ತಕ್ಕಡಿಗೆ ಇನ್ನೊಂದು ಕೊರಡು ಇಟ್ಟರು. "ಮುರುಗೇಶನ್ನ ಮಣ್ಣು ಮಾಡಿದ ದಿನ ಅವ್ನ ಹೆಂಡ್ತಿ ಕೇಳಿದ್ಲು, ಅದು ಇನ್ನೂ ರೆಡಿ ಆಗಿರ್ಲಿಲ್ವಾ ಅಣ್ಣಾ ಅಂತ. ಇಲ್ಲಮ್ಮಾ ಅಂದ್ಬಿಟ್ಟೆ, ಮೇಷ್ಟ್ರೇ."